ಹಗೇವಿನೊಳಗಿನ ಫಟಫಟಿ

ಅಪ್ಪಾ,

ಈ ಕಾಗದವನ್ನು ನಮ್ಮ ಊರಿನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನೌಬಾದಿನಲ್ಲಿ ಮನೆಯವರಿಗೆ ನಾಲ್ಕು ದಿನ ಎಂದು ಹೇಳಿ ಬಂದವಳು ಇನ್ನೂ ಇಲ್ಲೇ ಇದ್ದೇನೆ. ನೀವು ಕೇಳಿದ್ದ ಒಂದು ಪ್ರಶ್ನೆಗೆ ಆಗ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಇದೆ. ಅದು ಯಾರ ಬಾಯಿಂದ ಬಂತು ಎಂಬುದನ್ನು ಬಿಟ್ಟು ಉತ್ತರವನ್ನಷ್ಟೇ ನಿಮಗೆ ತಲುಪಿಸಲು ಆಗಿದ್ದರೆ... ಆದರೆ ನೀವು ಅರ್ಧ ಮಾತನ್ನು ಒಪ್ಪಿಕೊಳ್ಳುವವರಲ್ಲ.

ನಿಮ್ಮ ಕಡೆಯ ದಿನಗಳಲ್ಲಿ ಒಮ್ಮೆ ಅವ್ವ ಗಂಜಿಯ ಬಟ್ಟಲು ತಂದಾಗ ನೀವು ಅದನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಹತ್ತಿರ ಕರೆದಿರಿ. "ಕಮಲಾ, ಖರೆ ಹೇಳು. ಗಾಡಿ ಇಲ್ಲೇ ಬಿಟ್ಟು ಕಾಲಿಲೆ ಹೋಗ್ರಿ ಅಂತ ಡಾಕ್ಟರ್ ಸಾಹೇಬ್ರಿಗೆ ನಾ ಹೇಳಿದ್ದು ತಪ್ಪಾತೇನು?" ಎಂದು ಕೇಳಿದಿರಿ. "ಈಗ ಯಾಕ್ರಿ ಅದು, ಗಂಜಿ ಕುಡೀರಿ" ಎಂದೆ. ನೀವು ಕುಡಿದಿರಿ. ಮತ್ತೆ ಕೇಳಲಿಲ್ಲ. ಯಾರದೋ ಒಂದು ಮೋಟಾರ್ ಸೈಕಲ್ಲನ್ನು ತುಕ್ಕು ಹಿಡಿಯದಂತೆ ಏಳೆಂಟು ವರ್ಷ ಕಾದ ಮನುಷ್ಯನಿಗೆ ಇದ್ದ ಪ್ರಶ್ನೆ ಅದೊಂದೇ ಎಂಬುದು ನನಗೆ ಗೊತ್ತಿರಲಿಲ್ಲವೇ?

ಡಾಕ್ಟರ್ ಮುನೀರ್ ಸಾಹೇಬರು ಆ ಗಾಡಿಯನ್ನು ಮೊದಲ ಸಲ ನಮ್ಮ ಅಂಗಳಕ್ಕೆ ತಂದಾಗ ಎಮ್ಮೆ ಕಣ್ಣಿ ಹರಿದುಕೊಂಡು ಓಡಿತ್ತು. ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಹಸಿರು ಬಣ್ಣ, ಪೆಟ್ರೋಲ್ ಟಾಕಿಯ ಮೇಲೆ ಅರ್ಧ ಅಳಿಸಿದ ಬಿಳಿ ಅಂಕಿಗಳು. ಭಾಲ್ಕಿಯ ದವಾಖಾನೆಯಲ್ಲಿ ಅವರ ಕೆಲಸ. ಕಾಲರಾ ಬಂದಾಗ ಸೂಜಿಯ ಪೆಟ್ಟಿಗೆ ಕಟ್ಟಿಕೊಂಡು ಇತ್ತ ಮೆಹಕರ, ಅತ್ತ ಔರಾದ ಕಡೆಯ ಚಿಂತಾಕಿಯವರೆಗೂ ಹೋಗಿ ಬರುತ್ತಿದ್ದರು. ಅವರು ಬರುವುದು ಊರಿಗೆ ಮೊದಲೇ ಕೇಳಿಸುತ್ತಿತ್ತು. "ಸಾಹೇಬ್ರ, ನಿಮ್ಮ ಫಟಫಟಿ ಸಪ್ಪಳಕ್ಕ ನಮ್ಮ ಎಮ್ಮಿ ಹಾಲ ಇಳಸವಲ್ಲದು ನೋಡ್ರಿ" ಎಂದು ಅವ್ವ ದೂರಿದರೆ, "ತರ್ರಿ ವೈನಿ, ಎಮ್ಮಿಗೂ ಒಂದು ಸೂಜಿ ಚುಚ್ಚಿಬಿಡ್ತೇನಿ" ಎನ್ನುತ್ತಿದ್ದರು. ನಿಮಗಿಂತ ಚಿಕ್ಕವರು, ಸರ್ಕಾರಿ ನೌಕರರು. ಆದರೂ ಮಳೆಯಲ್ಲಿ ಬಂದರೆ ಮೊದಲು ತಮ್ಮ ತಲೆ ಒರೆಸಿಕೊಳ್ಳುತ್ತಿರಲಿಲ್ಲ. ನಿಮ್ಮಿಂದ ಒಂದು ಹಳೆಯ ಬಟ್ಟೆ ಇಸಿದುಕೊಂಡು ಗಾಡಿ ಒರೆಸುತ್ತಿದ್ದರು.

ಪೊಲೀಸ್ ಆಕ್ಷನ್ ಮುಗಿದು ಕೆಲವು ದಿನಗಳಾಗಿದ್ದವು. ಬೀದರಿನ ಕಡೆ ವಿಮಾನ ಹಾರುವುದು ನಿಂತಿತ್ತು. ನಿಜಾಮರ ಫೌಜು ಶರಣಾಯಿತು ಎಂದು ಊರಲ್ಲಿ ಡಂಗುರ ಹೊಡೆದಾಗಿತ್ತು. ಆಮೇಲೆ ಶುರುವಾದದ್ದಕ್ಕೆ ಯಾರೂ ಡಂಗುರ ಹೊಡೆಯಲಿಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ನಿಜಾಮರ ಕಡೆಯ ಬಂದೂಕಿನವರು ಬಂದು ನಮ್ಮ ಬಣವೆಗಳನ್ನು ಸುಟ್ಟು, ಪಕ್ಕದ ಮನೆಯ ನಿಮ್ಮ ತಮ್ಮ ಕಲ್ಲಪ್ಪ ಕಾಕಾ ಅವರ ಹೆಂಡತಿಯ ತಮ್ಮನ ಹೊಟ್ಟೆಗೆ ಗುಂಡು ಹೊಡೆದು ಹೋಗಿದ್ದರು. ಅವನ ಹೊಟ್ಟೆಗೆ ಹೊಲಿಗೆ ಹಾಕಿದವರು ಮುನೀರ್ ಸಾಹೇಬರೇ. ಅವನು ಉಳಿಯಲಿಲ್ಲ. ಈಗ ಸರದಿ ತಿರುಗಿತ್ತು. ಸುತ್ತಲಿನ ಊರುಗಳಲ್ಲಿ ಮುಸಲ್ಮಾನರ ಮನೆಗಳಿಗೆ ಜನ ಗುಂಪು ಕಟ್ಟಿ ಹೋಗುತ್ತಿದ್ದರು. ಬಾವಿಗಳ ಬಗ್ಗೆ ಕೇಳಿದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ನೀವೂ ಕೇಳಿದ್ದೀರಿ.

ಅಂಥ ದಿನಗಳಲ್ಲಿ ಅವರು ನಿಮ್ಮ ತಾಯಿ, ನಮ್ಮ ಆಯಿಯ ಕಾಲಿನ ಹುಣ್ಣು ಕಟ್ಟಲು ಬಂದರು. ನಾನು ಆಗ ಮದುವೆ ಗೊತ್ತಾದ ಹುಡುಗಿ, ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. "ಇಂಥಾದ್ರಾಗ ಯಾಕ ಬಂದ್ರಿ?" ಎಂದು ನೀವು ಗದರಿದಿರಿ. ಪಟ್ಟಿ ಬಿಚ್ಚದೆ ಬಿಟ್ಟರೆ ಕಾಲು ಕೊಳೆಯುತ್ತದೆ ಎಂದು ಅವರು ಹೇಳಿದರು. ಪಟ್ಟಿ ಕಟ್ಟಿದ್ದಾದ ಮೇಲೆ, ಇಲ್ಲಿಂದ ನೇರ ಬೀದರಕ್ಕೆ, ಹೆಂಡತಿಯ ಹತ್ತಿರ ಹೋಗುತ್ತೇನೆ ಎಂದರು.

"ಗಾಡಿ ಮ್ಯಾಲ ಹೋಗಬ್ಯಾಡ್ರಿ ಸಾಹೇಬ್ರ. ಡಾಕ್ಟರ್ ಬರಾಕತ್ಯಾನ ಅಂತ ಎರಡು ಊರಾಚೆ ಗೊತ್ತಾಗ್ತದ."

"ಅರೆ ಶಿವರಾಜ, ಗಾಡಿ ಮ್ಯಾಲ ಇದ್ರ ನನ್ನ ಯಾರು ಹಿಡೀತಾರ? ಕಾಲಿಲೆ ಹೋದ್ರ ಕೋಳಿ ಹಿಡ್ದಂಗ ಹಿಡೀತಾರ."

"ನನ್ನ ಮಾತು ಕೇಳ್ರಿ. ನಮ್ಮ ಧೋತರ ಉಟ್ಕೋರಿ, ರುಮಾಲು ಸುತ್ಕೋರಿ. ಜ್ವಾಳ ಆಳೆತ್ತರ ನಿಂತಾವ. ಅದರಾಗ ಹಾದು ಹಳ್ಳ ದಾಟಿಸಿ ಬರ್ತೇನಿ. ಅಲ್ಲಿಂದ ಹಾದಿ ನಿಮಗ ಗೊತ್ತದ."

ಅವರು ಬಹಳ ಹೊತ್ತು ಗಾಡಿಯ ಕಡೆ ನೋಡಿದರು. "ಇದು?" ಎಂದರು. "ಇದನ್ನ ನನ್ನ ಮ್ಯಾಲ ಬಿಡ್ರಿ. ನೀವು ತಿರುಗಿ ಬರೂತನಾ ತುಕ್ಕು ಹಿಡೀಲಾರದಂಗ ಇಡ್ತೇನಿ" ಎಂದಿರಿ. ಆ ಮಾತು ನಿಮ್ಮದೇ.

ಅಂಗಳದಲ್ಲಿ ಕೌದಿ ಹಾಸಿ ಅವರು ಗಾಡಿ ಬಿಚ್ಚಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಜೋಳ ತುಂಬಿಡುವ ನೆಲದೊಳಗಿನ ಹಗೇವಿನಲ್ಲಿ ಅದನ್ನು ಅಡಗಿಸುವುದೆಂದು ನೀವು ಹೇಳಿದ್ದಿರಿ. ಹಗೇವಿನ ಬಾಯಿ ಮನುಷ್ಯ ಇಳಿಯುವಷ್ಟೇ ಅಗಲ. ಹಾಗಾಗಿ ಗಾಲಿ ಬೇರೆ, ಟಾಕಿ ಬೇರೆ, ಇಂಜಿನ್ನು ಬೇರೆ. ದವಾಖಾನೆಯಲ್ಲಿ ಕತ್ತರಿ, ಚಿಮಟ ಸಾಲಾಗಿ ಇಡುವಂತೆ ತಿರುಪುಗಳನ್ನು ಸಾಲಾಗಿ ಇಟ್ಟರು. "ಹಸಿ ತಾಗಬಾರದು ಶಿವರಾಜ. ಹಸಿ ಒಂದು ತಾಗದಿದ್ರ ಇದು ನಮ್ಮಿಬ್ಬರಕಿಂತ ಹೆಚ್ಚಿಗಿ ಬಾಳ್ತದ" ಎಂದರು. ಆಮೇಲೆ ಅವ್ವ ಅವರಿಗೆ ನಿಮ್ಮ ರುಮಾಲು ಕೊಟ್ಟಳು. ಸುತ್ತಿಕೊಂಡು, "ವೈನಿ, ಈಗ ನಾ ನಿಮ್ಮ ಮಂದಿ ಹಂಗ ಕಾಣಸ್ತೇನೇನ್ರಿ?" ಎಂದು ಕೇಳಿದರು. "ಹಣಿ ಖಾಲಿ ಅದ ನೋಡ್ರಿ" ಎಂದಳು ಅವ್ವ. ನೀವು ವಿಭೂತಿ ತಂದು ಅವರ ಹಣೆಗೆ ಹಚ್ಚಿದಿರಿ. ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು, ಮಕ್ಕಳು ಸ್ನಾನ ಮಾಡಿಸಿಕೊಳ್ಳುವಾಗ ನಿಲ್ಲುವಂತೆ.

ನೀವು ಅವರನ್ನು ಹಳ್ಳ ದಾಟಿಸಿ ಮರಳಿ ಬಂದದ್ದು ದನಗಳು ಮನೆಗೆ ಬರುವ ಹೊತ್ತಿಗೆ. ಬಂದವರೇ ಕೆಲಸಕ್ಕೆ ಕೂತಿರಿ. ಬಂಡಿಯ ಅಚ್ಚಿಗೆ ಹಚ್ಚುವ ಕರಿ ಕೀಲೆಣ್ಣೆಯನ್ನು ಒಂದೊಂದು ಭಾಗಕ್ಕೂ ಕೈಯಿಂದ ಬಳಿದಿರಿ. ಅಷ್ಟಕ್ಕೇ ನಿಲ್ಲಿಸಿದ್ದರೆ... ನಿಲ್ಲಿಸಲಿಲ್ಲ. ನಮ್ಮಲ್ಲಿ ಬಿತ್ತುವ ಬೀಜವನ್ನು ಹೇಗೆ ಕಾಯುತ್ತೇವೋ ಹಾಗೆಯೇ ಮಾಡಿದಿರಿ: ಕೆಳಗೆ ಬೇವಿನ ಸೊಪ್ಪು, ಅದರ ಮೇಲೆ ಒಲೆಯ ಬೂದಿ, ಬೂದಿಯ ಮೇಲೆ ಗಾಡಿಯ ಭಾಗಗಳು, ಮತ್ತೆ ಬೂದಿ, ಮತ್ತೆ ಸೊಪ್ಪು. ಮನೆಯಲ್ಲಿ ಅದಕ್ಕಿಂತ ಜೋಪಾನವಾಗಿ ಇಡುವ ವಸ್ತು ಬೇರೆ ಇರಲಿಲ್ಲ, ಅದಕ್ಕಿಂತ ಜೋಪಾನವಾಗಿ ಇಡುವ ರೀತಿಯೂ ನಿಮಗೆ ಗೊತ್ತಿರಲಿಲ್ಲ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿರುವಾಗ ಕಲ್ಲಪ್ಪ ಕಾಕಾ ಹೊರಗಿನಿಂದ ಬಂದರು. ಮೊಣಕಾಲಿನವರೆಗೆ ಕೆಸರು. "ಡಾಕ್ಟರ್ ಇನ್ನೂ ಹೊಂಟಿಲ್ಲೇನು ಅಣ್ಣಾ? ಸಪ್ಪಳ ಕೇಳಲಿಲ್ಲ" ಎಂದರು. "ಹೋದ್ರು, ಕಾಲಿಲೆ" ಎಂದಿರಿ. ಕಾಕಾ ಕೈಕಾಲು ತೊಳೆದುಕೊಂಡು ಬಂದು ನಿಮ್ಮ ಜೊತೆ ಮಣ್ಣು ಮೆತ್ತಿದರು.

ಸಾಹೇಬರು ಬೀದರ ಮುಟ್ಟಲಿಲ್ಲ ಎಂಬ ಸುದ್ದಿ ಬಂದಾಗ ಹಗೇವನ್ನು ತೆರೆಯುವಂತೆಯೂ ಇರಲಿಲ್ಲ. ಲೂಟಿಯ ಮಾಲು ಹುಡುಕಿಕೊಂಡು ಸಿಪಾಯಿಗಳು ಮನೆಮನೆಗೆ ಬರುತ್ತಿದ್ದರು. ಡಾಕ್ಟರ ಗಾಡಿ ನಿಮ್ಮ ನೆಲದೊಳಗೆ ಸಿಕ್ಕರೆ ನೀವು ಏನು ಹೇಳಿದರೂ ನಂಬುವವರು ಯಾರು? ಮುಂದಿನ ವರ್ಷ ಮೃಗಶಿರ ನಕ್ಷತ್ರದ, ನಮ್ಮ ಮಿರಗದ ಮಳೆ ಕೂಡುವ ಮುಂಚೆ ಕಲ್ಲು ಸರಿಸಿದಿರಿ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಕಂದೀಲು ಇಳಿಬಿಟ್ಟು ದೀಪ ಉಳಿಯುತ್ತದೆಯೇ ನೋಡಿ, ಇಳಿದಿರಿ. ಬೂದಿ ನೆಲದ ಹಸಿಯನ್ನೆಲ್ಲ ಹೀರಿಕೊಂಡು ಗಾರೆಯಂತೆ ಗಟ್ಟಿಯಾಗಿತ್ತು. ಇಂಜಿನ್ನಿನ ಬಿಳಿ ಲೋಹ ಸುಣ್ಣದ ಗೋಡೆಯಂತೆ ಪುಡಿಪುಡಿಯಾಗಿ ಉದುರುತ್ತಿತ್ತು. ಕೀಲೆಣ್ಣೆ ತೆಳ್ಳಗಿದ್ದಲ್ಲೆಲ್ಲ ಕೆಂಪು ತುಕ್ಕು. ಮೇಲೆ ಬಂದು ಕಟ್ಟೆಯ ಮೇಲೆ ಕೂತು, "ಬೀಜಕ್ಕ ಛಲೋ ಆಗೂದು ಕಬ್ಬಿಣಕ್ಕೂ ಆಗ್ತದ ಅಂತ ತಿಳಕೊಂಡೆ ನೋಡ" ಎಂದಿರಿ. ಯಾರಿಗೆ ಹೇಳಿದಿರಿ? ಅವ್ವನಿಗೂ ಅಲ್ಲ, ನನಗೂ ಅಲ್ಲ.

ಅವ್ವ ತುಕ್ಕು ತಿಕ್ಕಲು ಕೂತದ್ದು ನೆನಪಿದೆಯೇ? ಹಿತ್ತಾಳೆಯ ಪಾತ್ರೆ ಬೆಳಗುವಂತೆ ಹುಣಸೆಹಣ್ಣು, ಇಟ್ಟಂಗಿ ಪುಡಿ. ತಿಕ್ಕಿದ್ದು ಬೆಳ್ಳಗೆ ಹೊಳೆಯಿತು, ಮರುದಿನ ಮತ್ತೆ ಕೆಂಪಾಯಿತು. ಆಗ ನೀವು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಡಮಾಡದೆ ಎಣ್ಣೆ ಹಚ್ಚುವುದನ್ನು ಕಲಿತಿರಿ. ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ದನದ ಗಂಜಲದ ಘಾಟಿಗೆ ಕೆಡುತ್ತದೆಂದು ಒಳಗೆ ಕಾಳಿನ ಕೋಣೆಗೆ ತಂದಿರಿ. ಪ್ರತಿ ವರ್ಷ ಮಿರಗದ ಮುಂಚೆ ಒಮ್ಮೆ, ದಸರೆಗೆ ಒಮ್ಮೆ. ಎತ್ತಿ ಹಿಡಿಯಲು ಕಾಕಾ ಬರುತ್ತಿದ್ದರು. ನೀವು ಗಾಲಿ ತಿರುಗಿಸುತ್ತಿದ್ದಿರಿ. "ಆ ಗಾಡಿಗಿ ಎಣ್ಣಿ, ನನ್ನ ಒಗ್ಗರಣಿಗಿ ನೀರು" ಎಂದು ಅವ್ವ ಗೊಣಗಿದರೆ ಕಾಕಾ ನಗುತ್ತಿದ್ದರು. ಖಂಡೇಪೂಜೆಯ ದಿನ ನೇಗಿಲು, ಕುಡುಗೋಲು, ಕೊಡಲಿ ಎಲ್ಲಕ್ಕೂ ವಿಭೂತಿ ಹಚ್ಚಿ, ಗಾಡಿಯನ್ನು ಮಾತ್ರ ಬರಿ ಬಟ್ಟೆಯಿಂದ ಒರೆಸಿ ಬಿಡುತ್ತಿದ್ದಿರಿ. "ಇದಕ್ಕ ಯಾಕ ಹಚ್ಚವಲ್ಲಿ ಅಣ್ಣಾ?" ಎಂದು ಕಾಕಾ ಕೇಳಿದಾಗ, "ಇದು ನಮ್ಮದಲ್ಲ" ಎಂದಿರಿ. ಊರಿನವರು ಏನು ಮಾತಾಡುತ್ತಿದ್ದರೆಂಬುದು ನಿಮಗೆ ಗೊತ್ತಿತ್ತು. ಡಾಕ್ಟರನ್ನು ಮುಗಿಸಿ ಗಾಡಿ ಉಳಿಸಿಕೊಂಡ ಎಂದು ಬಾವಿಕಟ್ಟೆಯ ಮೇಲೆ ಆಡಿಕೊಂಡದ್ದು ನನ್ನ ಕಿವಿಗೇ ಬಿದ್ದಿತ್ತು.

ಗಾಡಿಯನ್ನು ಮರಳಿಸಲು ಬೀದರಿಗೆ ಎತ್ತಿನ ಬಂಡಿಯ ಮೇಲೆ ಹೇರಿಕೊಂಡು ಹೋದ ದಿನ ನಾನೂ ಬಂಡಿಯಲ್ಲಿದ್ದೆ. ನನ್ನನ್ನು ನೌಬಾದಿನ ಗಂಡನ ಮನೆಗೆ ಬಿಡುವುದಿತ್ತು. ಚೌಬಾರದ ಹಿಂದಿನ ಓಣಿಯಲ್ಲಿ ಜೈನಬ್ ಖಾಲಾ ತಮ್ಮ ಅಣ್ಣನ ಮನೆಯಲ್ಲಿದ್ದರು. ಮುನೀರ್ ಸಾಹೇಬರ ಹೆಂಡತಿ. ನಾನು ಅವರನ್ನು ಖಾಲಾ ಎಂದು ಕರೆದದ್ದು ಅವತ್ತೇ ಮೊದಲು. ಪರದೆಯ ಆಚೆ ಕೂತು ನೀವು ಹೇಳಿದ್ದನ್ನೆಲ್ಲ ಕೇಳಿದರು. ಬೂದಿಯ ತಪ್ಪನ್ನೂ ನೀವು ಮುಚ್ಚಿಡಲಿಲ್ಲ. ಗಾಡಿ ಓಡುವುದಿಲ್ಲ, ಆದರೆ ಒಂದು ತಿರುಪೂ ಕಳೆದಿಲ್ಲ ಎಂದಿರಿ.

"ಭಾಯಿ, ಗಾಡಿ ತಂದೀರಿ. ಗಾಡಿ ಮ್ಯಾಲ ಕುಂದ್ರೂ ಮನುಷ್ಯಾರನ್ನ ಎಲ್ಲಿ ಬಿಟ್ಟೀರಿ?"

ನೀವು ಕೈಗಂಟಿದ್ದ ಎಣ್ಣೆಯನ್ನು ಧೋತರದ ಅಂಚಿಗೆ ಒರೆಸಿಕೊಂಡಿರಿ.

"ಗಾಡಿ ಮ್ಯಾಲ ಇದ್ದಿದ್ರ ಅವ್ರು ಯಾರ ಕೈಗೂ ಸಿಗ್ತಿರಲಿಲ್ಲ. ಅವ್ರನ್ನ ಕೆಳಗ ಇಳಿಸಿದೋರು ಯಾರು?"

"ನಾನ ಇಳಿಸೇನ್ರಿ" ಎಂದಿರಿ.

"ಹಂಗಾದ್ರ ಗಾಡಿನೂ ನೀವ ಇಟ್ಕೋರಿ."

ಮರಳಿ ಬರುವಾಗ, ನಾನು ನೌಬಾದಿನಲ್ಲಿ ಇಳಿಯುವವರೆಗೂ, ಬಂಡಿಯ ಹಿಂದೆ ಗಾಡಿ ಅಲುಗಾಡಿ ಸದ್ದು ಮಾಡುತ್ತಿತ್ತು. ನೀವು ಎರಡು ಸಲ ಇಳಿದು ಹಗ್ಗ ಬಿಗಿ ಮಾಡಿದಿರಿ. ಅಂದಿನಿಂದ ನೀವು ಆ ಗಾಡಿಯನ್ನು ಯಾರಿಗಾಗಿ ಕಾಯುತ್ತಿದ್ದಿರಿ ಅಪ್ಪಾ? ಬರುವವರು ಬರುವುದಿಲ್ಲ, ಒಯ್ಯಬೇಕಾದವರು ಒಯ್ಯುವುದಿಲ್ಲ. ಆದರೂ ಎಣ್ಣೆ ನಿಲ್ಲಲಿಲ್ಲ.

ಈ ವರ್ಷ ಮಿರಗ ಕೂಡುವ ಹೊತ್ತಿಗೆ ನೀವಿರಲಿಲ್ಲ ಎಂದು ಎಣ್ಣೆ ಹಚ್ಚಲು ನಾನು ಬಂದೆ. ಕಲ್ಲಪ್ಪ ಕಾಕಾ ಕಟ್ಟೆಯ ಮೇಲೆ ಎಲೆ ಅಡಿಕೆ ಬಿಚ್ಚಿಕೊಂಡು ಕೂತಿದ್ದರು. ಹೈದರಾಬಾದ್ ರಾಜ್ಯ ಒಡೆಯುತ್ತದಂತೆ, ನಮ್ಮನ್ನು ಮೈಸೂರಿನ ಕಡೆ ಹಾಕುತ್ತಾರಂತೆ ಎಂದು ಏನೇನೋ ಹೇಳುತ್ತಿದ್ದರು. ನಾನು ಗಾಲಿಯ ಕಡ್ಡಿಗಳನ್ನು ಒರೆಸುವುದನ್ನು ನೋಡಿ, "ಸಾಕು ಬಿಡ ಕಮಲಾ, ಮದುಮಗಳಿಗೂ ಇಷ್ಟು ಎಣ್ಣಿ ಹಚ್ಚೂದಿಲ್ಲ" ಎಂದರು. ನಾನು ನಗಲಿಲ್ಲ. ನೀವು ಕಡೆಗೆ ನನ್ನನ್ನು ಕೇಳಿದ್ದನ್ನು ಹೇಳಿದೆ. ಗಾಡಿಯ ಮೇಲೆ ಹೋಗಿದ್ದರೆ ಸಾಹೇಬರು ಉಳಿಯುತ್ತಿದ್ದರೇನೋ ಎಂಬ ಕೊರಗಿನಲ್ಲೇ ಅಪ್ಪ ಹೋದರು ಎಂದೆ.

"ಹುಚ್ಚಿ. ಅಣ್ಣ ಏನೂ ತಪ್ಪು ಹೇಳಿಲ್ಲ. ಗಾಡಿ ಮ್ಯಾಲ ಹೋಗಿದ್ರ ಜೋಡಿ ಬೇವಿನ ಗಿಡದ ಹತ್ರನ ಮುಗೀತಿತ್ತು. ಹಾದಿಗಡ್ಡ ತಂತಿ ಕಟ್ಟಿತ್ತಲ್ಲ ಅಲ್ಲಿ."

"ಯಾರು ಕಟ್ಟಿದ್ರು?"

"ನಾವ. ಮತ್ಯಾರು? ನಾಲ್ಕು ಮಂದಿ ಇದ್ದಿವಿ."

ಅವರು ನನಗೆ ಸಮಾಧಾನ ಹೇಳುತ್ತಿದ್ದರು ಅಪ್ಪಾ. ಅಣ್ಣನ ಮೇಲೆ ಯಾರೂ ಬೆರಳು ಮಾಡಬಾರದು ಎಂಬ ಪ್ರೀತಿಯಿಂದ ಆಡಿದ ಮಾತು ಅದು. ನಾನು ಓದುವ ಪರಭಾಷೆಯ ಕಾದಂಬರಿಗಳಲ್ಲಿ ಇಂಥ ಮಾತು ಬಂದ ಕೂಡಲೇ ಯಾರಾದರೂ ಎದ್ದು ನಿಲ್ಲುತ್ತಾರೆ, ಲೋಟವಾದರೂ ಕೆಳಗೆ ಬೀಳುತ್ತದೆ. ನಮ್ಮ ಪಡಸಾಲೆಯಲ್ಲಿ ಏನೂ ಆಗಲಿಲ್ಲ. ಕಾಕಾ ಎಲೆಗೆ ಸುಣ್ಣ ಸವರಿದರು.

"ಸಾಹೇಬರನ್ನ ಏನು ಮಾಡಿದ್ರಿ ಕಾಕಾ?"

"ನಮಗ ಕಾಣಲೇ ಇಲ್ಲ ಮಗಾ. ಸಪ್ಪಳ ಬರ್ತದ ಅಂತ ಸಂಜಿತನಕ ಕುಂತಿವಿ. ಬರ್ಲಿಲ್ಲ, ಎದ್ದು ಮನಿಗಿ ಬಂದಿವಿ. ಹಳ್ಳದಾಚೆ ಯಾರ ಕೈಗೆ ಸಿಕ್ರೋ ಏನೋ."

"ಅವ್ರು ನಿಮ್ಮ ಹೆಂಡ್ತಿ ತಮ್ಮಗ ಹೊಲಗಿ ಹಾಕಿದ್ರು."

"ಹಾಕಿದ್ರು. ಉಳೀಲಿಲ್ಲಲ್ಲ ಅಂವ." ಸ್ವಲ್ಪ ಹೊತ್ತು ಅಗಿದರು. "ಕಾಲ ಹಂಗಿತ್ತು. ನಾಳಿ ಯಾವ ರಾಜ್ಯದಾಗ ಇರ್ತೇವೋ ಗೊತ್ತಿಲ್ಲ, ಹಳೇದು ಯಾಕ ಕೆದಕ್ತಿ? ಯಾರ ಮುಂದೂ ನನ್ನ ಹೆಸರು ತಗೀಬ್ಯಾಡ."

ಆ ಗಾಲಿಯನ್ನು ಎಷ್ಟೋ ಸಲ ಎತ್ತಿ ಹಿಡಿದ ಕೈ ಅದೇ ತಾನೇ? ಪಶ್ಚಾತ್ತಾಪದಿಂದ ಹಿಡಿದರೋ, ಅಣ್ಣ ಕರೆದನೆಂದು ಹಿಡಿದರೋ, ನನಗೆ ತಿಳಿಯುವುದಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ. ಕಾಣಲೇ ಇಲ್ಲ ಎಂದದ್ದಾದರೂ ನಿಜವೋ, ಅಲ್ಲಿಗೇ ನಿಲ್ಲಿಸಿದರೋ...

ಅವ್ವನಿಗೆ ಹೇಳಿದಾಗ ಅವಳು ಮೊರದಲ್ಲಿ ಜೋಳ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರುವಷ್ಟು ಹೊತ್ತಾದ ಮೇಲೆ, "ಬೀದರಕ್ಕ ಹೋಗಿ ಡಾಕ್ಟರ್ ಸಾಹೇಬ್ರ ಹೆಂಡ್ತಿ ಮುಂದ ಹೇಳಿ ಬಾ" ಎಂದಳು. "ಹೆಸರು ಸೈತ ಹೇಳು. ಹೆಸರಿಲ್ಲದ ಮಾತು ಆಕಿ ಯಾಕ ನಂಬ್ತಾಳ? ನನ್ನ ಗಂಡ ಸಾಯೂತನಾ ಆಕಿ ಕಣ್ಣಾಗ ಕೊಲೆಗಡಕ ಆಗಿದ್ದ." ನಿಮ್ಮ ತಮ್ಮನ ಮಕ್ಕಳು, ಅವರ ಮದುವೆ, ಈ ಎರಡು ಮನೆಗಳ ನಡುವಿನ ಗೋಡೆ, ಹೆಸರು ಹೊರಬಿದ್ದರೆ ಇವಕ್ಕೆಲ್ಲ ಏನಾಗುತ್ತದೆಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅಷ್ಟು ಗೊತ್ತಿದ್ದೂ ಹೇಳಿದಳು.

ಖಾಲಾ ಈ ಸಲ ಪರದೆ ಹಾಕಲಿಲ್ಲ. ತಲೆಗೂದಲು ಪೂರ್ತಿ ಬಿಳಿಯಾಗಿದೆ ಅಪ್ಪಾ, ವಯಸ್ಸಿಗೆ ಮುಂಚೆ. ನಾನು ಹೇಳಿ ಮುಗಿಸುವವರೆಗೆ ಕೇಳಿ, ಒಂದೇ ಒಂದು ಪ್ರಶ್ನೆ ಕೇಳಿದರು.

"ತಂತಿ ಎಷ್ಟು ಎತ್ತರ ಕಟ್ಟಿದ್ರು?"

"ಗಾಡಿ ಮ್ಯಾಲ ಕುಂತೋರ ಕೊರಳಿಗೆ ಬರೂವಂಗ ಕಟ್ಟಿದ್ರಂತ."

ಅವರ ಕೈ ತಮ್ಮ ಕೊರಳಿಗೆ ಹೋಯಿತು. ಅಲ್ಲಿಯೇ ನಿಂತಿತು. "ಶಿವರಾಜ ಭಾಯಿಗ ನಾ ಅಂದದ್ದು..." ಎಂದರು. ಆ ಮಾತು ಮುಗಿಯಲಿಲ್ಲ. ನಾನೂ ಮುಗಿಸಿಕೊಡಲಿಲ್ಲ. ಆಮೇಲೆ, "ಆ ಗಿಡ ತೋರಸ್ತೀಯೇನು?" ಎಂದು ಕೇಳಿದರು.

ಅಣ್ಣನ ಜೊತೆ ಅವರು ನಮ್ಮ ಊರಿಗೆ ಬಂದ ದಿನ ಕಾಕಾ ಮನೆಯಲ್ಲೇ ಇದ್ದರು. ಎದ್ದು ಹೋಗಲು ನೋಡಿದರು. ಅವ್ವ ಬಾಗಿಲಲ್ಲಿ ನಿಂತಿದ್ದಳು. "ಗಿಡ ನಿನಗ ಗೊತ್ತದ ಕಲ್ಲಪ್ಪಾ, ನೀನ ತೋರಸು" ಎಂದಳು. ಮೈದುನನ ಹೆಸರು ಹಿಡಿದು ಅವಳು ಕರೆದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಕಾಕಾ ಮುಂದೆ ನಡೆದರು, ಬುರಖಾದೊಳಗೆ ಖಾಲಾ ಅವರ ಹಿಂದೆ, ನಾನು ಕಡೆಗೆ. ಬಂಡಿ ಹಾದಿಯ ಎರಡೂ ಬದಿಯ ಆ ಬೇವಿನ ಗಿಡಗಳ ಕೆಳಗೆ ನೀವೂ ನಾನೂ ಎಷ್ಟು ಸಲ ನೆರಳಿಗೆ ಕೂತಿಲ್ಲ? ಒಂದು ಕಡೆ ತೊಗಟೆ ಬೆಳೆದು ತಂತಿಯನ್ನು ನುಂಗಿತ್ತು. ಒಂದು ಗೇಣಿನಷ್ಟು ತುದಿ ಹೊರಗೆ ಉಳಿದಿತ್ತು. ಟೆಲಿಗ್ರಾಫ್ ಕಂಬದಿಂದ ಕಿತ್ತದ್ದು, ಸತುವು ಹೊಯ್ದ ತಂತಿ. ಅಷ್ಟೊಂದು ಮಳೆಗಾಲ ಯಾರೂ ಎಣ್ಣೆ ಹಚ್ಚದ ಆ ತುದಿಗೆ ತುಕ್ಕು ಇರಲಿಲ್ಲ.

ಖಾಲಾ ಅದನ್ನು ಮುಟ್ಟಿ ನೋಡಿದರು. ಕಾಕಾ ನೆಲ ನೋಡುತ್ತ ನಿಂತಿದ್ದರು. ಅಳುವುದು, ಬೈಯುವುದು ಏನಾದರೂ ಬರುತ್ತದೆ ಎಂದು ನಾನು ಕಾದೆ. "ಗೋರಿ ಎಲ್ಲಿ ಅಂತ ಗೊತ್ತಾದ್ರ ಸಾಕಿತ್ತು" ಎಂದರು ನನ್ನ ಕಡೆ ತಿರುಗಿ. "ನಿಮಗ ಅಪ್ಪನ ಸಮಾಧಿ ಅದ, ಹೋಗಿ ಕುಂದರ್ತೀರಿ. ನನಗ ಎಲ್ಲಿ ಕುಂದರಬೇಕು ಅನ್ನೋದ ಗೊತ್ತಿಲ್ಲ."

ಮನೆಗೆ ಬಂದು ಗಾಡಿಯನ್ನು ನೋಡಿದರು. ನಾನು ಎಣ್ಣೆ ಹಚ್ಚಿದ್ದು ಹೊಳೆಯುತ್ತಿತ್ತು. ಒಯ್ಯಿರಿ ಎಂದೆ. ಬೇಡ ಎಂದರು. ಆದರೆ ಅವತ್ತು ನಿಮ್ಮೆದುರು ಹೇಳಿದಂತೆ ಹೇಳಲಿಲ್ಲ. "ಇದನ್ನ ಒಳಗ ಇಟ್ರ ಯಾರಿಗೂ ಕಾಣಾಂಗಿಲ್ಲ. ಈ ಹಾದಿ ಹಿಡಿದು ಹಳ್ಳದಾಚಿ ಮಂದಿ ಭಾಲ್ಕಿ ಸಂತಿಗೆ ಹೋಗ್ತಾರಲ್ಲ? ಹೊರಗ ನಿಲ್ಲಸ್ರಿ. ನೋಡಿದೋರ ಪೈಕಿ ಒಬ್ಬರರ ಬಾಯಿ ಬಿಡ್ತಾರ." "ಮಳ್ಯಾಗ ಕೆಡ್ತದ ಖಾಲಾ" ಎಂದೆ. "ಕೆಡ್ಲಿ" ಎಂದರು.

ಹಾಗಾಗಿ ಈಗ ಫಟಫಟಿ ಅಂಗಳದ ತುದಿಯಲ್ಲಿ, ಹಾದಿಗೆ ಮುಖ ಮಾಡಿ ನಿಂತಿದೆ. ಹೊರಗೆ ತಳ್ಳುವಾಗ ಒಂದು ಕಡೆ ನಾನು, ಇನ್ನೊಂದು ಕಡೆ ಅವ್ವ. "ನನ್ನ ಅಂಗಳದಾಗ ಏನು ನಿಲ್ಲಸ್ಬೇಕು ಅನ್ನೋದು ನನಗ ಗೊತ್ತದ" ಎಂದು ಅವಳು ಗೋಡೆಯ ಆಚೆ ಕೇಳಿಸುವಂತೆ ಹೇಳಿದಳು. ಕಾಕಾ ತಮ್ಮ ಕಡೆಯ ಬಾಗಿಲು ಮುಚ್ಚಿಕೊಂಡಿದ್ದಾರೆ. ಮಿರಗ ಜೋರಾಗಿಯೇ ಸುರಿಯಿತು. ನೀವು ಇಷ್ಟು ವರ್ಷ ದೂರ ಇಟ್ಟದ್ದು ನಾಲ್ಕೇ ಮಳೆಗೆ ಬಂದುಬಿಟ್ಟಿದೆ. ಗಾಲಿಯ ಅಂಚಿನಿಂದ ಕೆಂಪು ನೀರು ಇಳಿಯುತ್ತದೆ. ನೋಡಿದಾಗ ಕೈ ಬಟ್ಟೆಯ ಕಡೆ ಹೋಗುತ್ತದೆ. ಒರೆಸುವುದಿಲ್ಲ. ನೀವು ಕೊಟ್ಟ ಮಾತನ್ನು ನಾನು ಮುರಿದೆ ಎಂದು ತಿಳಿಯಬೇಡಿ ಅಪ್ಪಾ. ಅವರು ತಿರುಗಿ ಬರುವ ತನಕ ಎಂದು ತಾನೇ ನೀವು ಹೇಳಿದ್ದು? ಬರುವುದಿಲ್ಲ ಎಂಬುದು ಈಗ ಅವರ ಹೆಂಡತಿಗೇ ಗೊತ್ತು. ಇನ್ನು ಉಳಿದದ್ದು ಎಲ್ಲಿ ಎಂಬುದೊಂದೇ.

ಜನ ನೋಡುತ್ತಾರೆ. ನಡಿಗೆ ನಿಧಾನ ಮಾಡುತ್ತಾರೆ, ಆಮೇಲೆ ಬಿರುಸಾಗಿ ಹೋಗುತ್ತಾರೆ. ಇಬ್ಬರು ಹೆಂಗಸರು ತಲೆಯ ಮೇಲಿನ ಬುಟ್ಟಿ ಹಿಡಿದುಕೊಂಡೇ ಬಾಯಿಗೆ ಸೆರಗು ಇಟ್ಟುಕೊಂಡರು. ಯಾರೂ ನಿಲ್ಲಲಿಲ್ಲ, ಇವತ್ತು ಬೆಳಗಿನವರೆಗೆ.

ಇವತ್ತು ಸಂತೆಯ ದಿನ. ಹಳ್ಳದಾಚೆಯ ಕಡೆಯಿಂದ ಒಬ್ಬ ಮುದುಕ ಎರಡು ಆಡು ಹೊಡೆದುಕೊಂಡು ಬಂದ. ಗಾಡಿಯನ್ನು ದಾಟಿ ಮುಂದೆ ಹೋದ. ತಿರುಗಿ ಬಂದ. ಟಾಕಿಯ ಮೇಲಿನ ಅಂಕಿಗಳನ್ನು ಬೆರಳಿನಿಂದ ಒರೆಸಿ ನೋಡಿದ.

"ಇದು ಸೂಜಿ ಡಾಕ್ಟರ್ ಸಾಹೇಬ್ರದು ಅಲ್ಲೇನ್ರಿ ಅಕ್ಕಾ?"

"ಹೌದ್ರಿ" ಎಂದೆ. "ನೀವು ಕಂಡಿದ್ರೇನ್ರಿ ಅವರನ್ನ?"

ಅವನು ಕಾಕಾನ ಮನೆಯ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದ. ಅವ್ವ ಚರಿಗೆಯಲ್ಲಿ ನೀರು ತಂದು ಕಟ್ಟೆಯ ಮೇಲೆ ಇಟ್ಟು, "ಕುಂದರ್ರಿ, ಬಿಸಲಾಗ ಬಂದೀರಿ" ಎಂದಳು. ಅವನು ಆಡುಗಳನ್ನು ಗಾಡಿಯ ಹಿಡಿಕೆಗೆ ಕಟ್ಟಿದ. ನೀರು ಕುಡಿದ. ತಲೆಯ ಬಟ್ಟೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಾನೆ. ಅವ್ವ ಅವನ ಎದುರು ನೆಲದ ಮೇಲೆ ಕೂತಿದ್ದಾಳೆ. ಇಷ್ಟನ್ನು ನಿಮಗೆ ಬರೆದು ನಾನು ಅಲ್ಲಿಗೆ ಹೋಗುತ್ತೇನೆ. ಅವನು ಈಗಷ್ಟೇ ಬಾಯಿ ತೆರೆದಿದ್ದಾನೆ.

ನಿಮ್ಮ ಮಗಳು
ಕಮಲಾ